ಎರಡು ಸೊನ್ನೆ, ನಡುವೊಂದು ಕಡ್ಡಿ

ಸಾಬವ್ವನಿಗೆ ಓದಲು ಬಾರದು. ಹೆಬ್ಬೆಟ್ಟಿನ ಮುದುಕಿ ಎಂದು ತನ್ನನ್ನು ತಾನೇ ಕರೆದುಕೊಳ್ಳುತ್ತಾಳೆ, ಅದರಲ್ಲಿ ಅವಳಿಗೆ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ. ಆದರೆ ಮುಂಬೈ ಹತ್ತಿರದ ದಿವಾ ಪೂರ್ವದ ಆ ಸಾಲುಮನೆಗಳ ಚಾಳಿನಲ್ಲಿ ಯಾರೇ ಫಾರ್ಮು ತುಂಬಲಿ, ರೇಷನ್ನಿನದಿರಲಿ, ಗ್ಯಾಸಿನದಿರಲಿ, ಮಗುವಿನ ಶಾಲೆಯದಿರಲಿ, ಕೊಡುವ ಮುಂಚೆ ಅವಳಿಗೆ ತೋರಿಸಬೇಕು. ಕಾಗದವನ್ನು ಅವಳು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಾಳೆ. ಅಕ್ಷರಗಳ ಕಾಡಿನಲ್ಲಿ ಒಂದೇ ಒಂದು ಗುರುತು ಹುಡುಕುತ್ತಾಳೆ: ಎರಡು ಸೊನ್ನೆ, ನಡುವೊಂದು ಓರೆ ಕಡ್ಡಿ. ಕಂಡರೆ ಕಾಗದ ವಾಪಸು. ಕಾಣದಿದ್ದರೆ ಎದುರಿಗೆ ಯಾರಿದ್ದರೂ ಲೆಕ್ಕಕ್ಕಿಲ್ಲ. "ತಿರಗಿ ಬರಿ" ಅನ್ನುತ್ತಾಳೆ, ಅಷ್ಟೇ.

ಆ ಗುರುತಿನ ಕತೆ ಹಳೆಯದು. ಸ್ಟೇಷನ್ನಿನ ಬದಿಗೆ ಝೆರಾಕ್ಸ್ ಅಂಗಡಿ ಇಟ್ಟ ಉಡುಪಿ ಕಡೆಯ ದೇವದಾಸ್, ಅದಕ್ಕೂ ಮುಂಚೆ ಮೂವತ್ತು ವರ್ಷ ಮುಂಬೈಯ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಇಂಥವರ ಮನೆಯ ಮೂಲಕ ಎನ್ನುವ 'ಕೇರಾಫ್' ಹಳೆಯ ಗುಮಾಸ್ತರ ಕೈಯಲ್ಲಿ ಹೀಗೆ ಇಳಿಯುತ್ತಿತ್ತು: %. ಸಾಬವ್ವನ ಖೋಲಿಯ ವಿಳಾಸವನ್ನು ಅವರು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು. ಮೊದಲಿಗೆ ಆ ಗುರುತು, ಅದರ ಬೆನ್ನಿಗೆ ಅವಳ ಹೆಸರು, ಆಮೇಲೆ ಚಾಳಿನ ನಂಬರು. ನೂರು ಪ್ರತಿ ತೆಗೆದು, ಕತ್ತರಿಸಿ ಕೊಟ್ಟರು. ಅವಳು ಅದನ್ನೆಲ್ಲ ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ದೇವರ ಫೋಟೋದ ಕೆಳಗಿಟ್ಟಳು.

ಕಲಬುರಗಿ ಕಡೆಯಿಂದ ಕೆಲಸ ಹುಡುಕಿ ಬಂದವರು ದಿವಾದಲ್ಲಿ ಇಳಿದರೆ ಮೊದಲು ಮುಟ್ಟುವುದು ಅವಳ ಬಾಗಿಲು. ಒಂದು ತಂಬಿಗೆ ನೀರು, ಎರಡು ಜೋಳದ ರೊಟ್ಟಿ, ಒಂದು ಚೀಟಿ. "ಇದು ನಿನ್ನ ಅಡ್ರೆಸ್ಸು, ಕಳೀಬ್ಯಾಡ" ಎನ್ನುವಳು. ಹತ್ತಡಿ ಉದ್ದ, ಹತ್ತಡಿ ಅಗಲದ ಖೋಲಿಯಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬುದು ಹೊರಗಿನವರ ಪ್ರಶ್ನೆ. ಹಿಡಿಸಿದವರೆಲ್ಲ ಹಿಡಿಸಿದರು, ಉಳಿದವರ ಹೆಸರು ಮಾತ್ರ ಹಿಡಿಸಿತು. ಕಟ್ಟಡದ ಕೆಲಸವೆಂದರೆ ಇವತ್ತು ಕಲ್ಯಾಣ, ನಾಳೆ ಪನವೇಲ್. ಟಪಾಲಿಗೆ ಮಾತ್ರ ಒಂದೇ ಜಾಗ.

ಒಮ್ಮೆ ಅನಿಲಕುಮಾರನೆಂಬ ಹುಡುಗ ಡೊಂಬಿವಲಿಯ ಕಾರ್ಖಾನೆಗೆ ಅರ್ಜಿ ಹಾಕುವಾಗ, ಆ ಸೊನ್ನೆ ಕಡ್ಡಿ ಏನೋ ಕೈತಪ್ಪು ಎಂದುಕೊಂಡು ಬಿಟ್ಟುಬಿಟ್ಟ. ಕರೆಪತ್ರ 'ಅನಿಲಕುಮಾರ ಸಾಬವ್ವ' ಎಂಬ ಹೆಸರಿಗೆ ಬಂತು. ಪೋಸ್ಟ್‌ಮನ್ ರಜೆಯಲ್ಲಿದ್ದ, ಬದಲಿಗೆ ಬಂದವನು ಅಂಥ ಮನುಷ್ಯ ಇಲ್ಲಿಲ್ಲ ಎಂದು ತಿರುಗಿಸಿದ. ಕೆಲಸ ಇನ್ನೊಬ್ಬರ ಪಾಲಾಯಿತು. ಅಂದಿನಿಂದ ಸಾಬವ್ವ ಆ ಗುರುತಿನ ಕಾವಲಿಗೆ ಕೂತಳು. ಅದರ ಅರ್ಥ ಅವಳಿಗೆ ಬೇಕಿರಲಿಲ್ಲ. ಬಿಟ್ಟರೆ ಏನಾಗುತ್ತದೆ ಎಂಬುದು ಗೊತ್ತಿತ್ತು.

ದಾನೇಶ್ವರಿ ಆ ಖೋಲಿಗೆ ಬಂದಾಗ ಅವಳಿಗೆ ಆರು ವರ್ಷ. ಅಪ್ಪ ಅಂಬಾರಾಯ, ಅವ್ವ ದಾನಮ್ಮ, ಮಧ್ಯದಲ್ಲಿ ಇವಳು. ಎಂಟು ತಿಂಗಳು ಅಲ್ಲೇ ಇದ್ದು, ಆಮೇಲೆ ಎರಡು ಗಲ್ಲಿ ಆಚೆ ತಮ್ಮದೇ ಬಾಡಿಗೆ ಖೋಲಿ ಹಿಡಿದರು. ವಿಳಾಸ ಮಾತ್ರ ಬದಲಾಗಲಿಲ್ಲ. ಅವಳ ಶಾಲೆಯ ದಾಖಲೆಯಲ್ಲಿ, ಕಾಲೇಜಿನ ಗುರುತಿನ ಚೀಟಿಯಲ್ಲಿ, ಡಿಪ್ಲೊಮಾ ಸರ್ಟಿಫಿಕೇಟಿನ ಲಕೋಟೆಯ ಮೇಲೆ, ಎಲ್ಲ ಕಡೆ ಸಾಬವ್ವ. ಮಹಾಪೆಯ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಮಾತ್ರ ದಾನೇಶ್ವರಿ ಆ ಸಾಲನ್ನು ಬಿಟ್ಟಳು. ಇಪ್ಪತ್ತೈದು ವರ್ಷದವಳು, ಪ್ರೋಗ್ರಾಮ್ ಬರೆಯುವವಳು, ಇನ್ನೂ ಇನ್ನೊಬ್ಬರ ಕೇರಾಫ್ ಎಂದು ಬರೆಯಲು ಅವಳಿಗೆ ನಾಚಿಕೆಯಾಯಿತು. ಆನ್‌ಲೈನ್ ಫಾರ್ಮು, ತೋರಿಸಲು ಕಾಗದವೇ ಇಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕಂಪನಿ ದೊಡ್ಡದೇನಲ್ಲ. ಹನ್ನೊಂದು ಜನ, ಎರಡು ಎ.ಸಿ., ಅದರಲ್ಲೊಂದು ಸೋರುವುದು. ಪಾರ್ಸೆಲ್‌ಗಳ ಮೇಲೆ ಅಂಟಿಸುವ ಲೇಬಲ್ ಛಾಪಿಸುವ ಸಾಫ್ಟ್‌ವೇರು ಅವರದು. ದಾನೇಶ್ವರಿಯ ಮೇಲಿನವನು ಕೀರ್ತನ್, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಉಡುಪಿ ಮನೆತನದವನು. ಮೊದಮೊದಲು ಇಬ್ಬರೂ ಹಿಂದಿಯಲ್ಲಿ ಮಾತಾಡುತ್ತಿದ್ದರು. ಒಂದು ದಿನ ಫೋನಿನಲ್ಲಿ ಅವಳು ಅವ್ವನ ಜೊತೆ ಜಗಳವಾಡುವುದು ಕೇಳಿ, "ನೀನು ಕನ್ನಡವಾ ಮಾರಾಯ್ತಿ" ಎಂದ. ಅಂದಿನಿಂದ ಅವನದು ಅವನ ಕನ್ನಡ, ಇವಳದು ಇವಳ ಕನ್ನಡ.

ಆ ವರ್ಷ ಕಲ್ಯಾಣದ ಒಂದು ಟ್ರಸ್ಟಿನವರು ದಿವಾದಲ್ಲಿ ಕಣ್ಣಿನ ಶಿಬಿರ ನಡೆಸಿದ್ದರು. ಮುನ್ನೂರ ಹನ್ನೆರಡು ಜನಕ್ಕೆ ಕನ್ನಡಕ ಬೇಕೆಂದು ತಿಳಿಯಿತು. ಕನ್ನಡಕ ತಯಾರಾಗಿ ಕಲ್ಯಾಣದಲ್ಲಿ ಪೆಟ್ಟಿಗೆ ಸೇರಿದ್ದವು, ಲೇಬಲ್ ಒಂದು ಬಾಕಿ, ಆ ಕೆಲಸ ದಾನೇಶ್ವರಿಯ ಕಂಪನಿಗೆ ಬಂದಿತ್ತು. ಬುಧವಾರ ಸಂಜೆ ನಾಲ್ಕಕ್ಕೆ ಗಾಡಿ ಹೊರಡುವುದು. ಲೇಬಲ್ ಇಲ್ಲದ ಕನ್ನಡಕವನ್ನು ಮುಂದಿನ ಶಿಬಿರಕ್ಕೆ ಎತ್ತಿಡುವುದು ಟ್ರಸ್ಟಿನ ಪದ್ಧತಿ, ಮುಂದಿನ ಶಿಬಿರ ಬರುವ ವರ್ಷ. ಒಬ್ಬರ ನಂಬರು ಇನ್ನೊಬ್ಬರಿಗೆ ಆಗುವುದೂ ಇಲ್ಲ. ದಾನೇಶ್ವರಿಯ ಅಪ್ಪನೂ ಅಲ್ಲಿ ಕಣ್ಣು ತೋರಿಸಿದ್ದ. ಕಬ್ಬಿಣದ ಸರಳು ಬಾಗಿಸಿ ಕಟ್ಟುವ ಕೆಲಸ ಅವನದು. ಹೋದ ತಿಂಗಳು ಸರಳು ಬಿಟ್ಟು ತನ್ನ ಹೆಬ್ಬೆರಳಿಗೇ ತಂತಿ ಸುತ್ತಿಕೊಂಡು ಬಂದಿದ್ದ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರೋಗ್ರಾಮ್ ಓಡಿಸಿದರು. ಎಂಟು ಲೇಬಲ್ ಸರಾಗವಾಗಿ ಬಂದವು. ಒಂಬತ್ತನೆಯದಕ್ಕೆ ನಿಂತಿತು.

ಕಂಪ್ಯೂಟರು ಬಲು ಜಾಣ ಎನ್ನುವವರು ಅದರ ಜೊತೆ ಸಂಸಾರ ಮಾಡಿದವರಲ್ಲ. ಅದಕ್ಕೆ ಟೆಂಪ್ಲೇಟ್ ಎಂಬ ಒಂದು ಮಾದರಿ ಕಾಗದ ಕೊಟ್ಟು, ಇದರಲ್ಲಿ % ಗುರುತು ಕಂಡಲ್ಲಿ ನಿಂತು ಮುಂದಿನ ಅಕ್ಷರ ನೋಡು ಎಂದಿರುತ್ತಾರೆ. ಚಿಕ್ಕ ಎಸ್ ಇದ್ದರೆ ಅಲ್ಲಿ ಹೆಸರು ತುಂಬು, ಚಿಕ್ಕ ಡಿ ಇದ್ದರೆ ಸಂಖ್ಯೆ ತುಂಬು. ಇದು ಪ್ರೋಗ್ರಾಮ್ ಬರೆದವರಿಗೂ ಯಂತ್ರಕ್ಕೂ ನಡುವಿನ ಒಪ್ಪಂದ. ಈ ಪ್ರೋಗ್ರಾಮನ್ನು ಎಂದೋ ಬರೆದು ಬಿಟ್ಟುಹೋದ ಪುಣ್ಯಾತ್ಮ ಒಂದು ಅವಸರ ಮಾಡಿದ್ದ. ಜನರ ವಿಳಾಸವನ್ನು ಮೊದಲೇ ಆ ಕಾಗದದೊಳಗೆ ಅಂಟಿಸಿ, ಆಮೇಲೆ ಇಡೀ ಕಾಗದವನ್ನು ಯಂತ್ರದ ಕೈಗೆ ಕೊಟ್ಟಿದ್ದ. ಹಾಗಾಗಿ ವಿಳಾಸದಲ್ಲಿ % ಕಂಡರೂ ಅದು ತನಗೆ ಕೊಟ್ಟ ಅಪ್ಪಣೆ ಎಂದು ಯಂತ್ರ ತಿಳಿಯುತ್ತಿತ್ತು. ಪತ್ರದೊಳಗೆ 'ಬೇಗ ಊರಿಗೆ ಬಾ' ಎಂದು ಬರೆದಿದ್ದನ್ನು ಓದಿ ಅಂಚೆಯವನೇ ಊರಿಗೆ ಹೊರಟ ಹಾಗೆ. ಆ ಒಂಬತ್ತನೆಯ ವಿಳಾಸದಲ್ಲಿ ಗುರುತಿನ ಮುಂದೆ ದೊಡ್ಡ ಎಸ್ ಇತ್ತು. ದೊಡ್ಡ ಎಸ್ ಒಪ್ಪಂದದಲ್ಲಿ ಇಲ್ಲ. ಗೊತ್ತಿಲ್ಲದ ಅಪ್ಪಣೆ ಎಂದು ಯಂತ್ರ ಕೈಕಟ್ಟಿ ಕೂತಿತು.

ಐದು ವರ್ಷದಿಂದ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲ್ಲಿಯವರೆಗೆ ಅವರು ಛಾಪಿಸಿದ್ದೆಲ್ಲ ಠಾಣೆಯ ದೊಡ್ಡ ಸೊಸೈಟಿಗಳ ವಿಳಾಸ. ಫ್ಲ್ಯಾಟಿನವರಿಗೆ ಇನ್ನೊಬ್ಬರ ಹೆಸರಿನ ಹಂಗಿಲ್ಲ.

ಕೀರ್ತನ್ ಕೆಟ್ಟವನಲ್ಲ, ಅವಸರದಲ್ಲಿದ್ದ. "ನಾಲ್ಕು ಗಂಟೆಗೆ ಗಾಡಿ ಉಂಟು. ನಿಲ್ಲಿಸುದು ಬೇಡ, ತಕರಾರು ಮಾಡಿದ್ದನ್ನು ಬಿಟ್ಟು ಮುಂದೆ ಹೋಗ್ಲಿ" ಎಂದು ಎರಡು ಸಾಲು ಸೇರಿಸಿದ. ಪ್ರೋಗ್ರಾಮ್ ಓಡಿತು. ಇನ್ನೂರ ಎಪ್ಪತ್ತೊಂದು ಲೇಬಲ್ ಸರಿ, ನಲವತ್ತೊಂದು ಬೇರೆ ಫೈಲಿಗೆ. ಆ ಫೈಲಿಗೆ ಯಂತ್ರವೇ ಇಟ್ಟ ಹೆಸರು 'ಅಮಾನ್ಯ'.

"ನಲವತ್ತೊಂದೇ ಅಲ್ವಾ, ಟ್ರಸ್ಟಿನವರಿಗೆ ಹೇಳುವ, ವಿಳಾಸ ಸರಿ ಇಲ್ಲ ಅಂತ" ಎಂದು ಅವನು ಚಹಾಕ್ಕೆ ಎದ್ದ.

ದಾನೇಶ್ವರಿ ಆ ಫೈಲು ತೆರೆದಳು. ಮೊದಲ ಸಾಲಿನಲ್ಲಿ ಅವಳ ಅಪ್ಪನ ಹೆಸರಿತ್ತು. ಅಂಬಾರಾಯ % ಸಾಬವ್ವ. ಎರಡನೆಯದು ಯಾರೋ ಅಂಬಾದಾಸ, % ಸಾಬವ್ವ. ಮೂರನೆಯದು, ನಾಲ್ಕನೆಯದು. ಅವಳು ಕೆಳಗೆ ಕೆಳಗೆ ಸರಿಸುತ್ತ ಹೋದಳು. ಚಿತ್ತಾಪುರದವರಿದ್ದರು, ಸಿಂದಗಿಯವರಿದ್ದರು, ಹೆಸರಿನಿಂದಲೇ ಬಿಹಾರದವರೆಂದು ತಿಳಿಯುವ ಇಬ್ಬರಿದ್ದರು, ರಜಿಯಾ ಎಂಬ ಹೆಂಗಸೊಬ್ಬಳಿದ್ದಳು. ಅರ್ಧಕ್ಕರ್ಧ ಜನರನ್ನು ದಾನೇಶ್ವರಿ ಕಂಡವಳೇ ಅಲ್ಲ. ಅವಳು ಹುಟ್ಟುವ ಮೊದಲು ಬಂದು, ಉಂಡು, ಚೀಟಿ ಹಿಡಿದು ಎಲ್ಲೆಲ್ಲಿಗೋ ಹೋದವರು. ಹೋದವರು ವಿಳಾಸ ಮಾತ್ರ ಇಲ್ಲೇ ಬಿಟ್ಟಿದ್ದರು. ನಲವತ್ತೊಂದರಲ್ಲಿ ಮೂವತ್ತೆಂಟು ಒಂದೇ ಹೆಸರಿನ ಬೆನ್ನಿಗೆ ನಿಂತಿದ್ದವು.

ದಾನೇಶ್ವರಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆ ಮುದುಕಿಯ ಎರಡು ಗಲ್ಲಿ ಆಚೆ ಬದುಕಿದ್ದಳು. ಅವಳ ರೊಟ್ಟಿ ತಿಂದಿದ್ದಳು, ಅವಳ ಬೈಗಳು ತಿಂದಿದ್ದಳು. ಇಷ್ಟು ದೊಡ್ಡವಳು ಎಂದು ಗೊತ್ತಿರಲಿಲ್ಲ. ಯಾರೂ ಎಂದೂ ಅವಳ ಲೆಕ್ಕ ಬರೆದಿಟ್ಟಿರಲಿಲ್ಲ. ಕೊನೆಗೆ ಬರೆದದ್ದು ಒಂದು ಕೆಟ್ಟ ಪ್ರೋಗ್ರಾಮು, ಅದೂ ಅಮಾನ್ಯ ಎಂಬ ತಲೆಬರಹ ಕೊಟ್ಟು. ದಾನೇಶ್ವರಿಗೆ ಆ ಪಟ್ಟಿಯ ಎದುರು ಎದ್ದು ನಿಲ್ಲಬೇಕು ಅನ್ನಿಸಿತು.

ಆಮೇಲೆ ಅವಳು ಸರಿಯಾದ ಲೇಬಲ್‌ಗಳ ಫೈಲು ತೆರೆದು ಸಾಬವ್ವನನ್ನು ಹುಡುಕಿದಳು. ಸಿಕ್ಕಳು. ತನ್ನ ಖೋಲಿಗೆ ತಾನೇ ಯಜಮಾನಿ, ಕೇರಾಫಿನ ಗೊಡವೆಯಿಲ್ಲ, ಹಾಗಾಗಿ ಅವಳದೊಂದು ದಾಟಿತ್ತು. ನಾಳೆ ಆ ಬಾಗಿಲಿಗೆ ಒಂದೇ ಒಂದು ಕನ್ನಡಕ ಬರುವುದು, ಅವಳದು. ಉಳಿದ ಮೂವತ್ತೆಂಟು ಜನ ಬಂದು ನಮ್ಮದೆಲ್ಲಿ ಎಂದು ಅವಳನ್ನೇ ಕೇಳುವರು.

ಕೀರ್ತನ್ ಚಹಾ ಕುಡಿದು ಬಂದಾಗ ಗಂಟೆ ಒಂದೂವರೆ. "ಸರ್, ಇವು ಖೊಟ್ಟಿ ಅಡ್ರೆಸ್ ಅಲ್ರಿ" ಎಂದಳು ದಾನೇಶ್ವರಿ. ಗುರುತಿನ ಅರ್ಥ ಹೇಳಿದಳು.

ಅವನು ತಲೆ ಕೆರೆದುಕೊಂಡ. "ಅಷ್ಟೆಯಾ? ಹಾಗಾದ್ರೆ ಸುಲಭ ಉಂಟು. ಆ ಗುರುತನ್ನೇ ತೆಗೆದುಬಿಡು. ಒಂದು ಲೈನಿನ ಕೆಲಸ."

"ನೆಗಡಿ ಆತು ಅಂತ ಮೂಗು ಕೊಯ್ಕೊಂಡಂಗ ಆಗ್ತದ ಸರ್" ಎಂದು ಅವಳು ಅನಿಲಕುಮಾರನ ಕತೆ ಹೇಳಿದಳು. ಅಂಬಾರಾಯ ಸಾಬವ್ವ ಎಂಬ ಮನುಷ್ಯ ದಿವಾದಲ್ಲಿ ಇಲ್ಲ. ಅಂಬಾರಾಯ ಇದ್ದಾನೆ, ಸಾಬವ್ವ ಇದ್ದಾಳೆ, ಇಬ್ಬರ ನಡುವೆ ಆ ಗುರುತಿದೆ.

"ಹಾಗಂತ ಗೊತ್ತಿಲ್ಲದ್ದನ್ನೆಲ್ಲ ಬಾಯಿಮುಚ್ಚಿ ಒಳಗೆ ಬಿಡ್ಲಿಕ್ಕೆ ಆಗ್ತದಾ? ನಾಳೆ ನಮ್ಮ ಟೆಂಪ್ಲೇಟಿನಲ್ಲೇ ತಪ್ಪಿದ್ರೆ? ತಾರೀಕು ಬರಬೇಕಾದಲ್ಲಿ ಕಸ ಛಾಪಾಗ್ತದೆ, ಯಾರಿಗೂ ಗೊತ್ತೇ ಆಗುದಿಲ್ಲ."

ಅವನ ಮಾತಿನಲ್ಲಿ ಹುರುಳಿತ್ತು. ದಾನೇಶ್ವರಿಗೆ ಸಾಬವ್ವ ಫಾರ್ಮು ಹಿಡಿದು ಕೂತದ್ದು ನೆನಪಾಯಿತು. ಅರ್ಥವಾಗದ ಗುರುತನ್ನು ಅವಳು ಅಳಿಸಲಿಲ್ಲ, ಅರ್ಥವಾಗಲಿಲ್ಲ ಎಂದು ಕಾಗದ ಎಸೆಯಲೂ ಇಲ್ಲ. ಇದ್ದ ಹಾಗೇ ಮುಂದಕ್ಕೆ ದಾಟಿಸಿದಳು, ಅಷ್ಟೇ ಅಲ್ಲ, ದಾಟಿತೋ ಇಲ್ಲವೋ ಎಂದು ನೋಡಿದಳು.

"ಎರಡೂ ಬ್ಯಾರೆ ಇಡೂಣ ಸರ್" ಎಂದಳು ದಾನೇಶ್ವರಿ. "ಟೆಂಪ್ಲೇಟ್ ನಾವು ಬರೆದದ್ದು. ಅದರಾಗ ತಪ್ಪಿದ್ರ ಒಂದು ಲೇಬಲ್ಲೂ ಛಾಪ ಆಗೂಕಿಂತ ಮೊದಲೇ ಮಷಿನ್ ನಿಂತು ನಮ್ಮನ್ನ ಬೈಲಿ. ಅಡ್ರೆಸ್ ಜನರ ಮಾತು. ಅದನ್ನ ಮಷಿನ್ ಓದೂದೇ ಬ್ಯಾಡ. ತಾರೀಕು ನಂಬರು ಎಲ್ಲ ತುಂಬಿ ಮುಗಿದ ಮ್ಯಾಲ, ಅವರು ಹೆಂಗ ಬರದಾರೋ ಹಂಗ ತಂದು ಇಡಲಿ. ಅನುಮಾನ ಬಂದ ಅಡ್ರೆಸ್ಸಿದ್ರ ಛಾಪೂ ಆಗ್ಲಿ, ಪಟ್ಟಿನೂ ಆಗ್ಲಿ. ಪಟ್ಟಿ ನಾವು ಕೂತು ನೋಡೂಣ."

ಕೀರ್ತನ್ ಪಟ್ಟಿಯ ಕಡೆ ನೋಡಿದ. ತಾನೇ ಮೌಸು ಹಿಡಿದು ಮೂವತ್ತೆಂಟು ಸಾಲನ್ನೂ ಒಂದೊಂದಾಗಿ ಓದಿದ. "ನನ್ನ ಅಜ್ಜ ಊರಿಂದ ಬಂದಾಗ ಅವರಿಗೂ ಕಲ್ಯಾಣದ ಹೋಟೆಲಿನ ಅಡ್ರೆಸ್ಸೇ ಇದ್ದದ್ದು" ಎಂದ. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. "ಬರಿ, ನಾನು ನೋಡ್ತಾ ಇರ್ತೇನೆ. ಮೂರೂವರೆಗೆ ಕಳಿಸಬೇಕು."

ಬರೆದರು. ಬದಲಾದ ಸಾಲು ಹೆಚ್ಚೇನಿಲ್ಲ, ಇಪ್ಪತ್ತೈದು ಇರಬಹುದು. ಕಂಪನಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಏನೇ ಬದಲಾಯಿಸಿದರೂ ಅದಕ್ಕೊಂದು ಪರೀಕ್ಷೆ ಬರೆದಿಡಬೇಕು, ಮುಂದೆ ಯಾರಾದರೂ ಕೈಯಾಡಿಸಿ ಕೆಡಿಸಿದರೆ ಅದು ಹಿಡಿಯಬೇಕು. ಪರೀಕ್ಷೆಗೆ ಮಾದರಿ ವಿಳಾಸವೊಂದು ಬೇಕು. ಎಲ್ಲರೂ ಅಲ್ಲಿ ಎ, ಬಿ, ಸಿ ಎಂದೇನೋ ಗೀಚುತ್ತಾರೆ. ದಾನೇಶ್ವರಿ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು, ಮುಂದೆ ಆ ಗುರುತು ಹಾಕಿದಳು, ಅದರ ಮುಂದೆ ಸಾಬವ್ವ, ಚಾಳಿನ ನಂಬರು, ದಿವಾ ಪೂರ್ವ. ಓಡಿಸಿದಳು. ದಾಟಿತು.

ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಮುನ್ನೂರ ಹನ್ನೆರಡು ಲೇಬಲ್‌ಗಳ ಫೈಲು ಈಮೇಲಿನಲ್ಲಿ ಕಲ್ಯಾಣಕ್ಕೆ ಹೋಯಿತು, ಅಲ್ಲೇ ಛಾಪಿಸಿ ಅಂಟಿಸಿದರು. ಗಾಡಿ ನಾಲ್ಕಕ್ಕೆ ಹೊರಟಿತೆಂದು ಫೋನು ಬಂತು.

ಮರುದಿನ ಸಂಜೆ ದಾನೇಶ್ವರಿ ಆಫೀಸಿಗೆ ಹತ್ತಿರದ ಘನ್ಸೋಲಿ ಸ್ಟೇಷನ್ನಿನಿಂದ ಠಾಣೆ, ಠಾಣೆಯಿಂದ ದಿವಾ, ದಿನದ ಹಾಗೆ ರೈಲಿನಲ್ಲಿ ನಿಂತೇ ಬಂದು, ಮನೆಗೆ ಹೋಗದೆ ನೇರ ಸಾಬವ್ವನ ಖೋಲಿಗೆ ಹೋದಳು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ. ಒಳಗೆ ಮೂಲೆಯಲ್ಲಿ ಅವಳ ಅಪ್ಪ ಹೊಸ ಕನ್ನಡಕ ಹಾಕಿಕೊಂಡು ತನ್ನ ಅಂಗೈಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತ ಕೂತಿದ್ದ. ಬೆಳಿಗ್ಗೆ ಬಂದ ಮೂವತ್ತೊಂಬತ್ತು ಪೆಟ್ಟಿಗೆಗಳಲ್ಲಿ ನಾಲ್ಕು ಉಳಿದಿದ್ದವು. ಒಂದು ಸಾಬವ್ವನದೇ. ಎಲ್ಲರದೂ ಅವರವರ ಕೈ ಸೇರುವವರೆಗೆ ತನ್ನದು ತೆರೆಯುವುದಿಲ್ಲ ಎಂದು ಬೆಳಿಗ್ಗೆಯಿಂದ ಹಟ ಹಿಡಿದಿದ್ದಳಂತೆ. ಉಳಿದ ಮೂವರು ಪನವೇಲಿನಲ್ಲಿದ್ದಾರೆ, ಭಾನುವಾರ ಬರುತ್ತಾರೆ ಎಂದು ಅಂಬಾರಾಯ ಎಷ್ಟು ಹೇಳಿದರೂ ಕೇಳಲಿಲ್ಲ.

ಆ ಹಟಕ್ಕೆ ಕಿವಿಗೊಡದೆ ದಾನೇಶ್ವರಿಯೇ ಪೆಟ್ಟಿಗೆ ಬಿಚ್ಚಿ ಕನ್ನಡಕವನ್ನು ಮುದುಕಿಯ ಮೂಗಿನ ಮೇಲಿಟ್ಟಳು. ಸಾಬವ್ವ ಖೋಲಿಯ ಗೋಡೆ ನೋಡಲಿಲ್ಲ, ಜನರ ಮುಖ ನೋಡಲಿಲ್ಲ. ಉಳಿದ ಪೆಟ್ಟಿಗೆಯೊಂದನ್ನು ಎತ್ತಿ, ಈ ಸಲ ಮೂಗಿಗೆ ತಾಗಿಸದೆ ಒಂದು ಮೊಳ ದೂರ ಹಿಡಿದು, ಲೇಬಲ್ ಮೇಲೆ ಬೆರಳಿಟ್ಟಳು.

"ಗುರ್ತು ಅದ" ಎಂದಳು. "ಛಂದ ಬಂದದ."

ದಾನೇಶ್ವರಿ ಅವಳ ಪಕ್ಕ ನೆಲದ ಮೇಲೆ ಕೂತಳು. "ಆಯಿ, ಒಂದು ಮಾತು ಹೇಳೂದದ. ನನ್ನ ಆಫೀಸಿನ ಫಾರ್ಮಿನಾಗ ನಾ ಆ ಗುರ್ತು ಹಾಕಿದ್ದಿಲ್ಲ. ನಿನ್ನ ಹೆಸರೂ ಹಾಕಿದ್ದಿಲ್ಲ."

"ಗೊತ್ತದ" ಎಂದಳು ಸಾಬವ್ವ. "ನಿನ್ನ ಟಪಾಲು ನನ್ನ ಬಾಗಿಲಿಗಿ ಬರೂದು ನಿಂತಾಗೇ ಗೊತ್ತಾತು."

ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ದಾನೇಶ್ವರಿಗೆ ತಡೆಯಲಾಗಲಿಲ್ಲ. "ನಿನ್ನೆ ಹಾಕೀನಿ ಆಯಿ. ಮಷಿನ್ನಿನಾಗ ಬರದೀನಿ. ಇನ್ನ ಮ್ಯಾಲ ಯಾರು ಏನು ಬದಲಿ ಮಾಡಿದ್ರೂ, ಅದು ಮೊದಲ ದಾನೇಶ್ವರಿ ಕೇರಾಫ್ ಸಾಬವ್ವ ದಾಟ್ತದೋ ಇಲ್ಲೋ ನೋಡ್ತದ. ಆಮ್ಯಾಲೆ ಉಳಿದ ಕೆಲಸ" ಎಂದಳು.

"ದಾಟಲಿಲ್ಲಂದ್ರ?"

"ಯಾರ ಲೇಬಲ್ಲೂ ಛಾಪ ಆಗಂಗಿಲ್ಲ. ದೊಡ್ಡ ದೊಡ್ಡ ಸೊಸೈಟಿಯವರದೂ ಆಗಂಗಿಲ್ಲ."

ಸಾಬವ್ವ ಇದನ್ನು ಕೇಳಿ ತಲೆದೂಗುತ್ತಾಳೆ ಎಂದು ದಾನೇಶ್ವರಿ ಅಂದುಕೊಂಡಿದ್ದಳು. ಮುದುಕಿಗೆ ಗಾಬರಿಯೇ ಆಯಿತು. ಅಷ್ಟು ಜನರ ಕೆಲಸ ತನ್ನ ಹೆಸರಿನ ಮೇಲೆ ನಿಲ್ಲುವುದೆಂದರೇನು. ಅವಳು ನೆಲಕ್ಕೆ ಕೈಯೂರಿ ಎದ್ದು, ದೇವರ ಫೋಟೋದ ಕೆಳಗಿನ ಬಿಸ್ಕೀಟಿನ ಡಬ್ಬಿ ತೆರೆದು, ಒಂದು ಚೀಟಿ ತೆಗೆದು, ಕನ್ನಡಕದೊಳಗಿಂದ ಒಮ್ಮೆ ನೋಡಿ ದಾನೇಶ್ವರಿಯ ಕೈಯಲ್ಲಿಟ್ಟಳು.

"ಬರೊಬ್ಬರಿ ಬರದೀ ಏನು ಅಂತ ನಾಳಿ ಇದನ್ನ ಇಟ್ಕೊಂಡು ಮತ್ತೊಮ್ಮಿ ತಾಳೆ ಹಚ್ಚಿ ನೋಡು" ಎಂದಳು. "ಕಳೀಬ್ಯಾಡ."

ದಾನೇಶ್ವರಿ ಆ ಚೀಟಿಯನ್ನು ರೇಲ್ವೆ ಪಾಸಿನ ಹಿಂದೆ ಇಟ್ಟುಕೊಂಡಳು. ಸಾಬವ್ವ ಆಗಲೇ ಒಲೆಯ ಕಡೆ ತಿರುಗಿ, ಊಟ ಮಾಡಿ ಹೋಗು ಎಂದು ರೊಟ್ಟಿಯ ಹಿಟ್ಟು ನಾದತೊಡಗಿದ್ದಳು.